ಹಳೆಯ ಟೂರಿಂಗ್ ಸೈಕಲ್ಲಿಗೆ ಯಾವ ಹಬ್?

ನಲವತ್ತು ವರ್ಷ ತುಂಬಿದ ಸೈಕಲ್ಲೊಂದರ ಹಿಂಚಕ್ರದ ಹಬ್ ಸವೆದುಹೋದಾಗ ಅದರ ಸ್ಥಾನಕ್ಕೆ ಏನನ್ನು ತರಬೇಕು? ಅದೇ ಕಾಲದ, ಅದೇ ತಯಾರಿಕೆಯ, ಇಂದಿಗೂ ಪೆಟ್ಟಿಗೆ ಬಿಚ್ಚದೆ ಉಳಿದಿರುವ ಹಬ್ಬೊಂದನ್ನು ದೇಶವಿದೇಶಗಳಲ್ಲಿ ಹುಡುಕಿಸಿ ತರಿಸುವುದು ಸರಿಯೋ, ಇಂದಿನ ಅಂಗಡಿಗಳಲ್ಲಿ ದೊರೆಯುವ ಹಬ್ಬನ್ನು ಜೋಡಿಸಿ ಸವಾರಿಯನ್ನು ಮುಂದುವರಿಸುವುದು ಸರಿಯೋ? ಪುಂಗೋಲಿನ ನಮ್ಮ ಮನೆಯಲ್ಲಿ ಕಳೆದ ಕೆಲವು ತಿಂಗಳು ಊಟದ ಹೊತ್ತಿನ ಮಾತೆಲ್ಲ ಇದೇ ಆಗಿತ್ತು. ಊರಿಗೆ ಫೋನು ಮಾಡಿದಾಗ "ಹಬ್ಬು ತರಿಸಬೇಕು" ಎಂಬ ಮಾತು ಕಿವಿಗೆ ಬಿದ್ದು, "ಈಗ ಯಾವ ಹಬ್ಬ ಬಂತು?" ಎಂದು ಅಮ್ಮ ಕೇಳಿದ್ದೂ ಉಂಟು. ಆ ಚರ್ಚೆಯಲ್ಲಿ ನಾವು ತಲುಪಿದ ನಿಲುವನ್ನು ಸದಸ್ಯ ಕುಟುಂಬಗಳ ಮುಂದೆ ಇಡುತ್ತಿದ್ದೇವೆ. ನಿಲುವು ಇಷ್ಟು: ಸೈಕಲ್ಲು ಭಾರ ಹೊತ್ತು ದೂರ ಓಡಬೇಕಾದದ್ದಾದರೆ ಹಬ್ ಹೊಸದಾಗಿರಲಿ, ಆದರೆ ಹಳೆಯ ಫ್ರೇಮಿಗೆ ಮರಳಿ ಸರಿಪಡಿಸಲಾಗದ ಗಾಯ ಮಾಡದಂಥದ್ದಾಗಿರಲಿ.

ಹಬ್ ಎಂದರೆ ಚಕ್ರದ ನಡುಭಾಗ. ಎತ್ತಿನ ಗಾಡಿಯಲ್ಲಿ ಗುಂಬ ಎನ್ನುತ್ತೇವಲ್ಲ, ಅದು, ಸಂಸ್ಕೃತದಲ್ಲಿ ನಾಭಿ. ಗಾಡಿಯ ಗುಂಬ ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡೇ ತಿರುಗುತ್ತದೆ, ಆದ್ದರಿಂದಲೇ ಅದಕ್ಕೆ ಪದೇ ಪದೇ ಕೀಲೆಣ್ಣೆ ಬೇಕು. ಸೈಕಲ್ಲಿನ ಹಬ್ ಉಕ್ಕಿನ ಸಣ್ಣ ಗುಂಡುಗಳ ಮೇಲೆ ತಿರುಗುತ್ತದೆ. ಮುಂಚಕ್ರದ ಹಬ್ಬಿನ ಬದುಕು ಸರಳವಾದದ್ದು, ಭಾರ ಹೊತ್ತು ತಿರುಗಿದರೆ ಸಾಕು. ಹಿಂಚಕ್ರದ್ದು ಹಾಗಲ್ಲ. ಸವಾರನ ಮತ್ತು ಸಾಮಾನಿನ ಭಾರದಲ್ಲಿ ದೊಡ್ಡ ಪಾಲನ್ನು ಅದು ಹೊರಬೇಕು, ಚೈನಿನ ಎಳೆತವನ್ನು ಕಡ್ಡಿಗಳ ಮೂಲಕ ರಿಮ್ಮಿಗೆ ಮುಟ್ಟಿಸಬೇಕು, ಅದರ ಜೊತೆಗೆ ಗೇರಿನ ಹಲ್ಲುಚಕ್ರಗಳಿಗೆಲ್ಲ ತನ್ನ ಬಲಗಡೆ ಜಾಗ ಬಿಟ್ಟುಕೊಡಬೇಕು. ಮುಂದೆ ನಾವು ಹೇಳಹೊರಟಿರುವ ತೊಡಕುಗಳೆಲ್ಲ ಹುಟ್ಟುವುದು ಈ ಕೊನೆಯ ಕೆಲಸದಿಂದ.

ನಮ್ಮ ಸೈಕಲ್ಲಿನ ವಿಚಾರವನ್ನು ಸಂಕ್ಷೇಪವಾಗಿ ಹೇಳಬೇಕು. ಇದು ಎಂಬತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಉಕ್ಕಿನ ಟೂರಿಂಗ್ ಸೈಕಲ್ಲು, ಅಂದರೆ ಚೀಲಗಳನ್ನು ಹೇರಿಕೊಂಡು ದಿನಗಟ್ಟಲೆ ಸಾಗಲೆಂದೇ ಕಟ್ಟಿದ್ದು. ನಮ್ಮ ಬ್ಲಾಕಿನಲ್ಲಿಯೇ ಇದ್ದ ಹಿರಿಯ ಚೀನೀ ಮಹನೀಯರೊಬ್ಬರು, ನಮ್ಮ ಮಗಳ ಪಾಲಿಗೆ ಬರಿಯ ಅಂಕಲ್, ಯೌವನದಲ್ಲಿ ಇದರ ಮೇಲೆ ಜೊಹೋರಿನಿಂದ ಹಿಡಿದು ಥಾಯ್ಲೆಂಡಿನ ಗಡಿಯವರೆಗೆ ಹೋಗಿಬಂದವರು. ಚಿಕ್ಕ ಮನೆಗೆ ಸ್ಥಳ ಬದಲಾಯಿಸುವಾಗ ಅದನ್ನು ಮಗಳ ಕೈಗೆ ಒಪ್ಪಿಸಿದರು. ಒಂದೇ ಷರತ್ತು: ಇದನ್ನು ಗೋಡೆಗೆ ತೂಗುಹಾಕಬಾರದು, ಓಡಿಸಬೇಕು. ಹದಿನಾರು ವರ್ಷದ ಅವಳಿಗೆ ಆ ಷರತ್ತು ಬಹಳ ಹಿಡಿಸಿತು. ಪುಂಗೋಲಿನಿಂದ ಕೋನಿ ದ್ವೀಪ, ಪಾಸಿರ್ ರಿಸ್ ಹಾದು ಚಾಂಗಿಗೆ ಹೋಗಿ, ಅಲ್ಲಿ ಹನ್ನೆರಡು ಜನ ಸೇರಿದ ಮೇಲೆ ಹೊರಡುವ ಬಂಬೋಟಿನಲ್ಲಿ ಸೈಕಲ್ಲನ್ನೂ ಏರಿಸಿ ಪೆಂಗೆರಾಂಗಿಗೆ ದಾಟಿ, ಮುಂದೆ ಡೆಸಾರುವಿನ ಕಡಲತೀರದವರೆಗೆ ತುಳಿಯುವುದು ಅವಳ ಯೋಜನೆ. ಜೊತೆಗೆ ನಾವಿಬ್ಬರೂ ಹೋಗುತ್ತೇವೆ ಎಂಬುದು ನಮ್ಮ ಷರತ್ತು. ಮಲೇಶಿಯಾದ ಆ ಹೆದ್ದಾರಿಯಲ್ಲಿ ಲಾರಿಗಳ ಪಕ್ಕದಲ್ಲಿ ಸಾಗುವಾಗ ಹಿಂಚಕ್ರ ಕೈಕೊಡಬಾರದು. ಹೀಗಾಗಿ ಹಬ್ಬಿನ ಆಯ್ಕೆ ನಮ್ಮ ಪಾಲಿಗೆ ಕೇವಲ ಅಭಿರುಚಿಯ ವಿಷಯವಾಗಿ ಉಳಿಯಲಿಲ್ಲ.

ಹೊಸದನ್ನು ಕೊಳ್ಳುವ ಮೊದಲು ಹಳೆಯದು ನಿಜವಾಗಿಯೂ ಮುಗಿದಿದೆಯೇ ಎಂದು ನೋಡಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಮೊದಲು ಹೋದ ಅಂಗಡಿಯೊಂದರಲ್ಲಿ (ಹೆಸರು ಬೇಡ) ಚಕ್ರವನ್ನು ಮುಟ್ಟಿಯೂ ನೋಡದೆ ಸೈಕಲ್ಲನ್ನೇ ಬದಲಾಯಿಸುವಂತೆ ಸಲಹೆ ಕೊಟ್ಟರು. ಊರಿನ ಸೈಕಲ್ ಶಾಪಿನವರಾಗಿದ್ದರೆ ಮೊದಲು ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿದ್ದರು. ಹಿಂದಿನ ಹಬ್ಬಿನ ಒಳಗೆ ಸಾಮಾನ್ಯವಾಗಿ ಪ್ರತಿ ಬದಿಗೆ ಒಂಬತ್ತರಂತೆ ಹದಿನೆಂಟು ಗುಂಡುಗಳು, ಒಂದೊಂದೂ ಕಾಲಿಂಚು ವ್ಯಾಸದ್ದು. ಅವು ಆಕ್ಸಲ್ಲಿಗೆ ತಿರುಗಿಸಿ ಕೂರಿಸಿದ ಕೋನಿಗೂ ಹಬ್ಬಿನ ಒಡಲಲ್ಲಿ ಒತ್ತಿ ಕೂರಿಸಿದ ಬಟ್ಟಲಿಗೂ ನಡುವೆ ಉರುಳುತ್ತವೆ. ಗುಂಡು ಸವೆದರೆ ಕೆಲವು ಸೆಂಟುಗಳ ಖರ್ಚು. ಕೋನಿನ ಮೇಲೆ ಸಣ್ಣ ಗುಳಿಗಳು ಬಿದ್ದರೆ ಕೋನನ್ನು ಬದಲಾಯಿಸಬಹುದು. ಗುಳಿ ಬಟ್ಟಲಿನಲ್ಲಿ ಬಿದ್ದಿದ್ದರೆ ಮಾತ್ರ ಬಹುತೇಕ ಹಬ್‌ಗಳಿಗೆ ಮದ್ದಿಲ್ಲ, ಏಕೆಂದರೆ ಆ ಬಟ್ಟಲು ಬಿಡಿಯಾಗಿ ಸಿಗುವುದಿಲ್ಲ. ಹಳೆಯ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಾಲ್‌ಪೆನ್ನಿನ ತುದಿಯನ್ನು ಬಟ್ಟಲಿನ ಸುತ್ತ ನಿಧಾನವಾಗಿ ಎಳೆದರೆ ಕಣ್ಣಿಗೆ ಕಾಣದ ಗುಳಿಯೂ ಕೈಗೆ ತಿಳಿಯುತ್ತದೆ. ಕಡ್ಡಿ ಕೂರುವ ತೂತುಗಳ ನಡುವೆ ಬಿರುಕು ಇದೆಯೇ ಎಂದು ನೋಡಬೇಕು. ಆಕ್ಸಲ್ಲನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿದರೆ ಬಾಗಿದ್ದು ಅಲ್ಲಾಡಿ ತೋರುತ್ತದೆ. ನಮ್ಮದರಲ್ಲಿ ಬಲಗಡೆಯ ಬಟ್ಟಲು ಕೆರೆದ ಹಾಗಾಗಿತ್ತು, ಆಕ್ಸಲ್ ಕೂಡ ಬಾಗಿತ್ತು. ಅಲ್ಲಿಗೆ ತೀರ್ಮಾನವಾಯಿತು.

ಇನ್ನು ಅಳತೆಯ ವಿಚಾರ. ಹಿಂಚಕ್ರ ಕೂರುವ ಎರಡು ಸೀಳುಗಳ ನಡುವಿನ ಅಂತರವೇ ಮೊದಲ ಅಳತೆ. ಐದು ಗೇರಿನ ಕಾಲದಲ್ಲಿ ಇದು 120 ಮಿಲಿಮೀಟರು. ಆರು, ಏಳು ಗೇರಿನ ಕಾಲದಲ್ಲಿ 126. ಎಂಟು ಗೇರು ಬಂದ ಮೇಲೆ ರಸ್ತೆಯ ಸೈಕಲ್ಲುಗಳಿಗೆ 130, ಬೆಟ್ಟದ ಸೈಕಲ್ಲುಗಳಿಗೂ ಇತ್ತೀಚಿನ ಟೂರಿಂಗ್ ಸೈಕಲ್ಲುಗಳಿಗೂ 135. ಈಗಂತೂ ಡಿಸ್ಕ್ ಬ್ರೇಕಿನ ಹೊಸ ಸೈಕಲ್ಲುಗಳು ಸೀಳನ್ನೇ ಬಿಟ್ಟು, ತೂತಿನ ಮೂಲಕ ತೂರಿಸುವ ದಪ್ಪ ಆಕ್ಸಲ್ಲಿಗೆ ಹೊರಳಿವೆ. ಅಲ್ಲಿ 142 ಎಂಬ ಇನ್ನೊಂದು ಅಳತೆ. ಹಳೆಯ ಸೈಕಲ್ಲಿನ ಒಡೆಯರು ಅಂಗಡಿಗೆ ಹೋಗಿ ಸುಮ್ಮನೆ "ಹಿಂದಿನ ಹಬ್ ಕೊಡಿ" ಎಂದರೆ ಇಂದು ಕೈಗೆ ಬರುವುದು ಬಹುಶಃ ಈ ಕೊನೆಯದೇ, ಮತ್ತು ಅದು ಯಾವ ರೀತಿಯಲ್ಲೂ ಕೂರುವುದಿಲ್ಲ. ನಮ್ಮ ಫ್ರೇಮಿನ ಅಂತರ 126.

ಎರಡನೆಯದು ಕಡ್ಡಿಗಳ ಲೆಕ್ಕ. ನಮ್ಮ ಹಿರಿಯರ ಮನೆಗಳಲ್ಲಿದ್ದ ಹೀರೋ, ಅಟ್ಲಾಸ್, ಹರ್ಕ್ಯುಲಿಸ್, ರ‍್ಯಾಲಿ ಸೈಕಲ್ಲುಗಳ ಚಕ್ರವನ್ನು ಎಣಿಸಿದವರಿಗೆ ನೆನಪಿರಬಹುದು: ಮುಂದೆ 32, ಹಿಂದೆ 40. ಅದು ಬ್ರಿಟಿಷರ ಹಳೆಯ ಪದ್ಧತಿ. ಭಾರ ಬೀಳುವ ಕಡೆ ಕಡ್ಡಿ ಹೆಚ್ಚಿರಬೇಕೆಂಬ ನೇರವಾದ ವಿವೇಕ ಅದರಲ್ಲಿದೆ. ಅಕ್ಕಿಮೂಟೆ, ಹಾಲಿನ ಕ್ಯಾನು, ಕ್ಯಾರಿಯರಿನ ಮೇಲೆ ಹೆಂಡತಿ, ಮುಂದಿನ ಬಾರಿನ ಮೇಲೆ ಮಗು ಎಲ್ಲವನ್ನೂ ಆ ನಲವತ್ತು ಕಡ್ಡಿಗಳು ಹೊತ್ತವು. ಟೂರಿಂಗ್ ಸೈಕಲ್ಲುಗಳಲ್ಲಿ ಮುಂದಕ್ಕೂ ಹಿಂದಕ್ಕೂ 36 ರೂಢಿಯಾಯಿತು. ಇಂದಿನ ಹಗುರ ಸೈಕಲ್ಲುಗಳಲ್ಲಿ 28, 24ಕ್ಕೂ ಇಳಿದಿದೆ. ಹಬ್ಬಿನ ತೂತುಗಳು ರಿಮ್ಮಿನ ತೂತುಗಳಿಗೆ ಸರಿಹೊಂದಲೇಬೇಕು. ನಮ್ಮ ರಿಮ್ಮು ಗಟ್ಟಿಯಾಗಿಯೇ ಇದ್ದುದರಿಂದ 36 ತೂತಿನ ಹಬ್ಬೇ ಬೇಕೆಂದು ತೀರ್ಮಾನಿಸಿದೆವು. 32 ತೂತಿನ ಹಬ್ಬಾದರೆ ಆಯ್ಕೆ ಧಾರಾಳವಾಗಿತ್ತು. ಆದರೂ ಸಾಮಾನು ಹೇರುವ ಚಕ್ರದಲ್ಲಿ ನಾಲ್ಕು ಕಡ್ಡಿ ಉಳಿಸುವುದು ನಮಗೆ ಜಿಪುಣತನವಾಗಿ ಕಾಣುತ್ತದೆ. 36ರಲ್ಲಿ ಒಂದು ಮುರಿದರೂ ಚಕ್ರ ಅಷ್ಟಾಗಿ ಸೊಟ್ಟಗಾಗದೆ ಮನೆ ತಲುಪಿಸುತ್ತದೆ.

ನಿಜವಾದ ವಾದವಿರುವುದು ಇದರ ಮುಂದೆ. ಹಳೆಯ ಹಬ್ಬಿನ ಬಲಬದಿಯಲ್ಲಿ ಥ್ರೆಡ್ ಇರುತ್ತದೆ. ಹಲ್ಲುಚಕ್ರಗಳ ಗೊಂಚಲನ್ನೂ, ತುಳಿಯದಿದ್ದಾಗ ಟಿಕ್‌ಟಿಕ್ ಎನ್ನುವ ಬಿಡುಗಾಲಿಯನ್ನೂ ಒಟ್ಟಾಗಿ ಹೊಂದಿದ ಫ್ರೀವೀಲನ್ನು ಆ ಥ್ರೆಡ್ಡಿನ ಮೇಲೆ ತಿರುಗಿಸಿ ಕೂರಿಸುತ್ತಾರೆ. ಬ್ರಿಟಿಷ್ ಥ್ರೆಡ್ಡಿನ ಅಳತೆ 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಹುಬ್ಬಳ್ಳಿಯ ಅಥವಾ ಹಾಸನದ ಅಂಗಡಿಯಲ್ಲಿ ತೂಗುಬಿಟ್ಟಿರುವ ಒಂಟಿ ಹಲ್ಲುಚಕ್ರದ ಫ್ರೀವೀಲಿನದೂ ಇದೇ ಥ್ರೆಡ್ಡು ಎಂಬುದು ಸೊಗಸಾದ ಸಂಗತಿ. ಇಂಗ್ಲೆಂಡಿನ ಟೂರಿಂಗ್ ಸೈಕಲ್ಲಿಗೂ ನಮ್ಮೂರಿನ ಹಾಲಿನವರ ಸೈಕಲ್ಲಿಗೂ ಈ ಒಂದು ವಿಷಯದಲ್ಲಿ ರಕ್ತಸಂಬಂಧವಿದೆ. ಹಳೆಯ ಫ್ರೆಂಚ್ ಹಬ್‌ಗಳದು ಮಾತ್ರ ಬೇರೆ ದಾರಿ. ಅಲ್ಲಿನ ವ್ಯಾಸ 34.7 ಮಿಲಿಮೀಟರು, ಸುತ್ತಿನಿಂದ ಸುತ್ತಿಗೆ ಒಂದು ಮಿಲಿಮೀಟರು. ಬ್ರಿಟಿಷ್ ಅಳತೆಯನ್ನು ಮಿಲಿಮೀಟರಿಗೆ ಇಳಿಸಿದರೆ 34.8 ಬರುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಬರಿಗಣ್ಣಿಗೆ ಎರಡೂ ಒಂದೇ. ಒಂದೆರಡು ಸುತ್ತು ಹಿಡಿದಂತೆ ಮಾಡಿ ಬಿಗಿಯಾಗುತ್ತದೆ; ಬಲವಂತ ಮಾಡಿದರೆ ಅಲ್ಯೂಮಿನಿಯಮ್ಮಿನ ಥ್ರೆಡ್ ಕಿತ್ತುಬರುತ್ತದೆ. ಹಳೆಯ ಕಾಲದ ಹೊಸ ಹಬ್ಬನ್ನು ದೂರದಿಂದ ತರಿಸುವವರು ಚಿತ್ರ ನೋಡಿ ಮರುಳಾಗದೆ ಥ್ರೆಡ್ಡಿನ ಅಳತೆಯನ್ನು ಬರೆಯಿಸಿಕೊಳ್ಳಬೇಕು.

ಥ್ರೆಡ್ ಹೊಂದಿದರೂ ಒಂದು ದೌರ್ಬಲ್ಯ ಉಳಿಯುತ್ತದೆ, ಅದು ವಿನ್ಯಾಸದಲ್ಲಿಯೇ ಇರುವಂಥದ್ದು. ಫ್ರೀವೀಲು ಹಬ್ಬಿನ ಹೊರಗೆ ಕೂರುವುದರಿಂದ ಬಲಗಡೆಯ ಗುಂಡುಗಳು ಅದರ ಒಳಬದಿಗೆ, ಹಬ್ಬಿನ ನಡುವಿನ ಕಡೆಗೆ ಸರಿದಿರುತ್ತವೆ. ಅಲ್ಲಿಂದ ಫ್ರೇಮಿನ ಸೀಳಿನವರೆಗೆ ಮೂರು ಸೆಂಟಿಮೀಟರಿಗೂ ಮಿಕ್ಕಿದ ಉದ್ದ ಆಕ್ಸಲ್ಲಿಗೆ ಯಾವ ಆಸರೆಯೂ ಇಲ್ಲ. ಹತ್ತು ಮಿಲಿಮೀಟರು ದಪ್ಪದ, ಅದೂ ನಡುವೆ ಪೊಳ್ಳಾದ ಉಕ್ಕಿನ ಕಂಬಿ ಅದು. ಅಡಕೆ ತೋಟದ ಸಂಕದ ಮೇಲೆ ನಡೆದವರಿಗೆ ಇದು ಕೂಡಲೆ ಅರ್ಥವಾಗುತ್ತದೆ: ಆಸರೆ ದೂರವಾದಷ್ಟೂ ಮರ ಬಾಗುತ್ತದೆ. ಐದು ಗೇರಿನ ಕಾಲದಲ್ಲಿ ಆ ಉದ್ದ ಕಡಿಮೆಯಿತ್ತು. ಆರಾಯಿತು, ಏಳಾಯಿತು, ಹಲ್ಲುಚಕ್ರ ಒಂದೊಂದಾಗಿ ಕೂಡಿದಂತೆ ಗುಂಡುಗಳು ಆಸರೆಯಿಂದ ದೂರ ಸರಿದವು. ಸಾಮಾನು ಹೊತ್ತ ಸೈಕಲ್ಲುಗಳಲ್ಲಿ ಆಕ್ಸಲ್ ಬಾಗುವುದು, ಕಡೆಗೆ ಬಲಗಡೆಯ ಕೋನಿನ ಬಳಿ ಮುರಿಯುವುದು ಆ ಕಾಲದ ಸವಾರರಿಗೆ ಚಿರಪರಿಚಿತವಾಗಿತ್ತು. ನಮ್ಮ ಹಬ್ಬಿನ ಬಾಗಿದ ಆಕ್ಸಲ್ ಅದೇ ಕಥೆಯನ್ನು ಹೇಳುತ್ತಿತ್ತು. ಅಂಕಲ್ ಅದನ್ನು ಕೈಯಲ್ಲಿ ಹಿಡಿದು ನೋಡಿ, ತಾವು ಅಂದು ಹೊತ್ತಿದ್ದ ಡೇರೆಯನ್ನೂ ಅನ್ನದ ಪಾತ್ರೆಗಳನ್ನೂ ನೆನೆದು ನಕ್ಕರು.

ಇದಕ್ಕೆ ಉತ್ತರವಾಗಿ ಜಪಾನಿನ ಶಿಮಾನೊ ಕಂಪನಿ 1978ರಲ್ಲಿ ಫ್ರೀಹಬ್ ಎಂಬುದನ್ನು ಮಾರುಕಟ್ಟೆಗೆ ತಂದಿತು. ಬಿಡುಗಾಲಿಯನ್ನು ಹಬ್ಬಿಗೇ ಸೇರಿಸಿ, ಬಲಗಡೆಯ ಗುಂಡುಗಳನ್ನು ಆ ಬಿಡುಗಾಲಿಯ ಹೊರತುದಿಗೆ, ಅಂದರೆ ಸೀಳಿನ ಪಕ್ಕಕ್ಕೆ ಒಯ್ದರು. ಹಲ್ಲುಚಕ್ರಗಳನ್ನು ಮಾತ್ರ ಬಿಡಿಯಾಗಿ ಜಾರಿಸಿ ಕೂರಿಸುವುದು. ಅದನ್ನೇ ಇಂದು ಕ್ಯಾಸೆಟ್ ಎನ್ನುತ್ತಾರೆ. ಆಕ್ಸಲ್ಲಿಗೆ ಎರಡು ತುದಿಗಳಲ್ಲೂ ಆಸರೆ ಸಿಕ್ಕಿತು, ಬಾಗುವ ಕಾಟ ಬಹುಮಟ್ಟಿಗೆ ನಿಂತಿತು. ಹಳೆಯ ಸೈಕಲ್ಲುಗಳ ಪ್ರೇಮಿಗಳಲ್ಲಿ ಕ್ಯಾಸೆಟ್ ಎಂದರೆ ಮೂಗು ಮುರಿಯುವವರುಂಟು, ಅದು "ಇಂದಿನ" ವಸ್ತುವೆಂದು. ನಮ್ಮ ಸೈಕಲ್ಲು ತಯಾರಾಗುವ ಮೊದಲೇ ಅದು ಹುಟ್ಟಿತ್ತು ಎಂಬುದನ್ನು ಅವರು ಗಮನಿಸಿದಂತಿಲ್ಲ.

ಹಾಗೆಂದು ಫ್ರೀವೀಲಿನ ಹಬ್ಬನ್ನು ಸಾರಾಸಗಟಾಗಿ ತಳ್ಳಿಹಾಕಲು ನಾವು ಒಪ್ಪುವುದಿಲ್ಲ. ಅದರ ಪರವಾಗಿ ಹೇಳಬೇಕಾದ್ದು ಬಹಳವಿದೆ. ಏಳು ಗೇರಿನ, 14ರಿಂದ 28 ಹಲ್ಲಿನ ಹೊಸ ಫ್ರೀವೀಲು ಇಂದಿಗೂ ಅಗ್ಗವಾಗಿ ಸಿಗುತ್ತದೆ. ಅಮೆರಿಕದ ಫಿಲ್ ವುಡ್ ಕಂಪನಿ 1971ರಿಂದಲೇ ಮುಚ್ಚಿದ ಬೇರಿಂಗಿನ ಹಬ್‌ಗಳನ್ನು ಮಾಡುತ್ತಿದ್ದು, ಗಟ್ಟಿಯಾದ ಆಕ್ಸಲ್ಲಿನ ಅದರ ಹಬ್‌ಗಳು ದೂರಪ್ರಯಾಣಿಗರ ಮೆಚ್ಚುಗೆ ಗಳಿಸಿವೆ. ಬೆಲೆ ಮಾತ್ರ ನಮ್ಮಂಥವರ ಕೈಗೆ ಸುಲಭವಾಗಿ ಎಟುಕುವಂಥದ್ದಲ್ಲ. ಪುಂಗೋಲಿನ ಜಲಮಾರ್ಗದ ದಂಡೆಯಲ್ಲಿ ಸಂಜೆ ಹೋಗಿಬರುವವರಿಗೆ, 26 ಕಿಲೋಮೀಟರಿನ ಈಶಾನ್ಯ ನದಿತೀರದ ಸುತ್ತನ್ನು ರವಿವಾರ ಒಂದು ಬಾರಿ ಹಾಕುವವರಿಗೆ ಸಾಧಾರಣ ಥ್ರೆಡ್ಡಿನ ಹಬ್ಬೇ ಧಾರಾಳವಾಯಿತು. ಇಲ್ಲಿ ನೆಲ ಸಮತಟ್ಟು, ಸಾಮಾನೂ ಇಲ್ಲ. ಅಂಥವರು 126ರ ಥ್ರೆಡ್ಡಿನ ಹಬ್ಬನ್ನು ಹಾಕಿಕೊಂಡು ಫ್ರೇಮನ್ನು ಹಾಗೆಯೇ ಬಿಡುವುದು ಲೇಸು. ಎರಡು ಚೀಲ, ಡೇರೆ, ನೀರು ಹೇರಿಕೊಂಡು ಗಡಿ ದಾಟುವವರ ಲೆಕ್ಕ ಬೇರೆ.

ಕ್ಯಾಸೆಟ್ಟಿನ ಹಬ್ ಎಂದು ತೀರ್ಮಾನಿಸಿದ ಮೇಲೆ 130ನ್ನು ಆರಿಸುವುದೋ 135ನ್ನೋ ಎಂಬ ಪ್ರಶ್ನೆ ಬರುತ್ತದೆ. 135ರ ಪರವಾಗಿ ಒಂದು ಒಳ್ಳೆಯ ಕಾರಣವಿದೆ. ಬಲಗಡೆ ಹಲ್ಲುಚಕ್ರಗಳಿಗೆ ಜಾಗ ಬಿಡುವುದರಿಂದ ಹಿಂಚಕ್ರದ ಬಲಗಡೆಯ ಕಡ್ಡಿಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತು ಬಹಳ ಬಿಗಿಯಾಗಿರುತ್ತವೆ, ಎಡಗಡೆಯವು ಓರೆಯಾಗಿ ಸಡಿಲವಾಗಿರುತ್ತವೆ. ಹಬ್ ಅಗಲವಾದಷ್ಟೂ ಈ ತಾರತಮ್ಯ ತಗ್ಗುತ್ತದೆ, ಚಕ್ರ ಗಟ್ಟಿಯಾಗುತ್ತದೆ. ಆದರೆ 126ರ ಫ್ರೇಮಿಗೆ 135ನ್ನು ಕೂರಿಸಲು ಪ್ರತಿ ಬದಿಗೆ ನಾಲ್ಕೂವರೆ ಮಿಲಿಮೀಟರು ಅಗಲಿಸಬೇಕು. ಉಕ್ಕಿನ ಫ್ರೇಮನ್ನು ಬಿಸಿಮಾಡದೆ ಬಗ್ಗಿಸಿ ಅಗಲಿಸುವ ವಿಧಾನ ಉಂಟು, ತಿಳಿದವರು ಮಾಡುತ್ತಾರೆ. ಅಮೆರಿಕದ ಶೆಲ್ಡನ್ ಬ್ರೌನ್ ಎಂಬ ಸೈಕಲ್ ತಜ್ಞರು (2008ರಲ್ಲಿ ತೀರಿಕೊಂಡರು) ಅದರ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಬಗ್ಗಿಸಿದ ಮೇಲೆ ಎರಡೂ ಸೀಳುಗಳನ್ನು ಪರಸ್ಪರ ಸಮಾನಾಂತರವಾಗಿ ತಿರುಗಿಸಿ ಕೂರಿಸಬೇಕು, ಫ್ರೇಮು ಒಂದು ಕಡೆಗೆ ವಾಲದಂತೆ ನೋಡಬೇಕು. ಅಲ್ಯೂಮಿನಿಯಮ್ ಅಥವಾ ಕಾರ್ಬನ್ ಫ್ರೇಮುಗಳಿಗೆ ಇದನ್ನು ಮಾಡಲೇಬಾರದು, ಬಿರುಕು ಬಿಡುತ್ತವೆ.

130ಕ್ಕೆ ಪ್ರತಿ ಬದಿಗೆ ಎರಡೇ ಮಿಲಿಮೀಟರು ಸಾಕು. ಬಗ್ಗಿಸುವ ಅಗತ್ಯವೇ ಇಲ್ಲ. ಎರಡೂ ಹೆಬ್ಬೆರಳಿನಿಂದ ಸೀಳುಗಳನ್ನು ತುಸು ಅಗಲಿಸಿ ಚಕ್ರವನ್ನು ತೂರಿಸಿದರೆ ಕೂತುಕೊಳ್ಳುತ್ತದೆ. ನಮ್ಮ ಫ್ರೇಮಿನ ಹಿಂಗವಲು ಸುಮಾರು 44 ಸೆಂಟಿಮೀಟರು ಉದ್ದ. ಅಷ್ಟು ಉದ್ದಕ್ಕೆ ಎರಡು ಮಿಲಿಮೀಟರೆಂದರೆ ಸೀಳು ಕಾಲು ಡಿಗ್ರಿಯಷ್ಟು ಓರೆಯಾಗುತ್ತದೆ. ಆಕ್ಸಲ್ಲಿಗೆ ಅದರಿಂದ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಚಕ್ರವನ್ನು ತೆಗೆದರೆ ಫ್ರೇಮು ತನ್ನ ಹಳೆಯ 126ಕ್ಕೆ ಮರಳುತ್ತದೆ. ಮುಂದೊಂದು ದಿನ ಯಾರಾದರೂ ಅದನ್ನು ಮೂಲದ ರೂಪಕ್ಕೆ ತರಬಯಸಿದರೆ ದಾರಿ ತೆರೆದಿರುತ್ತದೆ. ಕಡ್ಡಿಗಳ ತಾರತಮ್ಯ 130ರಲ್ಲಿ ತಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ನಾವು ಇದನ್ನು ಆರಿಸಿದೆವು. 36 ಕಡ್ಡಿಯ ಚಕ್ರಕ್ಕೆ ಆ ಕೊರತೆಯನ್ನು ತಾಳುವ ಶಕ್ತಿಯಿದೆ. ಗೇರು ಬದಲಾಯಿಸುವ ಲಿವರುಗಳು ಹಳೆಯ ಬಗೆಯವು, ಅಂದರೆ ಕಿಟ್ ಕಿಟ್ ಎಂದು ನಿಲ್ಲದೆ ಕೈಯಂದಾಜಿನಲ್ಲಿ ಜಾರುವಂಥವು. ಈ ಲಿವರಿಗೆ ಹಿಂದೆ ಎಷ್ಟು ಹಲ್ಲುಚಕ್ರಗಳಿವೆ ಎಂಬುದರ ಗೊಡವೆಯಿಲ್ಲ. ಎಂಟು ಹಲ್ಲುಚಕ್ರದ ಕ್ಯಾಸೆಟ್ಟನ್ನೂ, ಅದಕ್ಕೆ ತಕ್ಕ ತುಸು ತೆಳುವಾದ ಚೈನನ್ನೂ ಹಾಕಿದ್ದಷ್ಟೇ ಉಳಿದ ಬದಲಾವಣೆ.

ಬಿಡಿಗುಂಡಿನ ಹಬ್ಬೋ ಮುಚ್ಚಿದ ಬೇರಿಂಗಿನ ಹಬ್ಬೋ ಎಂಬುದರಲ್ಲಿ ನಮ್ಮಿಬ್ಬರಿಗೇ ಒಮ್ಮತವಿರಲಿಲ್ಲ. ಬಿಡಿಗುಂಡಿನದನ್ನು ಮನೆಯಲ್ಲಿಯೇ ಬಿಚ್ಚಿ, ತೆಳ್ಳನೆಯ 15 ಮಿಲಿಮೀಟರ್ ಸ್ಪ್ಯಾನರಿನಿಂದ ಬಿಗಿ ಸಡಿಲ ಸರಿಪಡಿಸಬಹುದು. ಅದರಲ್ಲಿ ಒಂದು ಸುಖವೂ ಇದೆ. ಆದರೆ ಸಿಂಗಪುರದಲ್ಲಿ ವರ್ಷಕ್ಕೆ ಸರಾಸರಿ 2,100 ಮಿಲಿಮೀಟರಿಗಿಂತ ಹೆಚ್ಚು ಮಳೆ, ಬೆಂಗಳೂರಿನ ಎರಡು ಪಟ್ಟಿಗೂ ಮಿಗಿಲು. ಅದಕ್ಕೆ ಪುಂಗೋಲಿನ ಉಪ್ಪುಗಾಳಿಯೂ ಸೇರಿದೆ. ರಬ್ಬರಿನ ಮುಚ್ಚಳವಿಲ್ಲದ ಹಳೆಯ ಹಬ್‌ಗಳ ಒಳಗೆ ನವೆಂಬರಿನಿಂದ ಜನವರಿಯವರೆಗಿನ ಮಳೆಯಲ್ಲಿ ನೀರು ಇಳಿದು ಗ್ರೀಸನ್ನು ಹಾಲಿನ ಕೆನೆಯಂತೆ ಬೆಳ್ಳಗೆ ಮಾಡುತ್ತದೆ. ಮುಚ್ಚಿದ ಬೇರಿಂಗಿನಲ್ಲಿ ಇನ್ನೊಂದು ಅನುಕೂಲವಿದೆ. ಅದರ ಮೇಲೆ 6000, 6001 ಎಂದು ಒಂದು ಸಂಖ್ಯೆ ಕೊರೆದಿರುತ್ತದೆ. 6001 ಎಂದರೆ ಒಳವ್ಯಾಸ 12, ಹೊರವ್ಯಾಸ 28, ಅಗಲ 8 ಮಿಲಿಮೀಟರು, ಜಗತ್ತಿನಲ್ಲಿ ಎಲ್ಲಿಯೇ ಕೇಳಿದರೂ. ಸೈಕಲ್ ಅಂಗಡಿಯೇ ಬೇಕೆಂದಿಲ್ಲ; ಮೋಟಾರು, ಪಂಪುಗಳ ಬಿಡಿಭಾಗ ಮಾರುವವರ ಬಳಿ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೂ ಸಿಗುತ್ತದೆ. ಹಬ್ ತಯಾರಿಸಿದ ಕಂಪನಿ ನಾಳೆ ಬಾಗಿಲು ಹಾಕಿದರೂ ಹಬ್ ಅನಾಥವಾಗುವುದಿಲ್ಲ. ಈ ಮಾತಿಗೆ ಮನೆಯಲ್ಲಿ ಬಹುಮತ ಬಂತು, ಮೂರನೆಯ ಮತ ಮಗಳದು. ಕಡೆಗೆ ತರಿಸಿದ್ದು 130 ಮಿಲಿಮೀಟರು, 36 ತೂತು, ಮುಚ್ಚಿದ ಬೇರಿಂಗು, ನುಣುಪಾದ ಬೆಳ್ಳಿಬಣ್ಣದ ಹಬ್. ಬಣ್ಣದ ವಿಷಯದಲ್ಲಿ ಮಾತ್ರ ನಾವು ಸಂಪ್ರದಾಯಸ್ಥರು. ಹಳೆಯ ಫ್ರೇಮಿಗೆ ಕಪ್ಪು ಹಬ್ ಹೊಂದುವುದಿಲ್ಲ.

ಇದನ್ನು ಒಪ್ಪದ ಸ್ನೇಹಿತರಿದ್ದಾರೆ. ಹಳೆಯ ವಸ್ತುವಿನ ಬೆಲೆಯಿರುವುದೇ ಅದರ ಅಖಂಡತೆಯಲ್ಲಿ, ಒಂದು ಭಾಗ ಬದಲಾದರೆ ಅದು ಮೂಲದ ಸೈಕಲ್ಲಾಗಿ ಉಳಿಯುವುದಿಲ್ಲ ಎನ್ನುತ್ತಾರೆ. ಇಟಲಿಯಲ್ಲಿ 1997ರಿಂದ ನಡೆಯುವ ಎರೋಯಿಕಾ ಎಂಬ ಸವಾರಿಯಲ್ಲಿ 1987ಕ್ಕಿಂತ ಹಿಂದಿನ ಸೈಕಲ್ಲುಗಳಿಗೆ ಮಾತ್ರ ಪ್ರವೇಶ. ಅಂಥ ಕೂಟಗಳಿಗೆ ಹೋಗುವವರು, ಸಂಗ್ರಹಕಾರರು ಕಾಲಕ್ಕೆ ತಕ್ಕ ಹಬ್ಬನ್ನೇ ಹುಡುಕಲಿ, ಅದು ಅವರ ವ್ರತ. ಟೂರಿಂಗ್ ಸೈಕಲ್ಲಿನ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲವೆಂದು ನಾವು ತಿಳಿಯುತ್ತೇವೆ. ಟೈರು, ಚೈನು, ಬ್ರೇಕಿನ ರಬ್ಬರು, ಕೇಬಲ್ಲುಗಳು ಅಂಕಲ್ಲಿನ ಕಾಲದಲ್ಲಿಯೇ ಎಷ್ಟೋ ಬಾರಿ ಬದಲಾಗಿದ್ದವು. ದೂರ ಓಡಿದ ಸೈಕಲ್ಲೆಂದರೆ ಹಾಗೆಯೇ. ಬಾಗಿದ ಆಕ್ಸಲ್ಲಿನ ಹಳೆಯ ಹಬ್ಬನ್ನು ನಾವು ಎಸೆದಿಲ್ಲ. ಗ್ರೀಸು ಸವರಿ, ಫ್ರೀವೀಲಿನ ಸಮೇತ ಡಬ್ಬಿಯಲ್ಲಿಟ್ಟು, ಅದರ ಅಳತೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇವೆ.

ನಮ್ಮ ಸಮುದಾಯಕ್ಕೆ ಈ ವಿಷಯ ಸಂಬಂಧಿಸಿದ್ದು ಇನ್ನೊಂದು ಕಾರಣಕ್ಕೆ. ಪುಂಗೋಲ್, ಸೆಂಗ್‌ಕಾಂಗಿನ ನಮ್ಮ ಬ್ಲಾಕುಗಳ ಕೆಳಗಿನ ಸೈಕಲ್ ಸ್ಟ್ಯಾಂಡುಗಳಲ್ಲಿ ತುಕ್ಕು ಹಿಡಿದು ನಿಂತಿರುವ ಸೈಕಲ್ಲುಗಳನ್ನು ದಿನವೂ ನೋಡುತ್ತೇವೆ. ಕೆಲವು ದಿನಗಳ ನಂತರ ಅವಕ್ಕೆ ನೋಟೀಸಿನ ಚೀಟಿ ಕಟ್ಟುತ್ತಾರೆ, ಆಮೇಲೆ ಒಯ್ಯುತ್ತಾರೆ. ಅವುಗಳಲ್ಲಿ ಬಹುಪಾಲಿಗೆ ಬೇಕಿದ್ದುದು ಒಂದು ಹಿಡಿ ಗುಂಡು, ಒಂದಿಷ್ಟು ಗ್ರೀಸು, ಒಂದು ಸಂಜೆ. ಊರಿನಲ್ಲಿ ಆಯುಧಪೂಜೆಗೆ ಮುನ್ನ ಸೈಕಲ್ಲನ್ನು ಓವರ್‌ಹಾಲ್ ಮಾಡಿಸಿ, ತೊಳೆದು, ಸೇವಂತಿಗೆ ಹಾರ ಹಾಕಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಿದ್ದುದನ್ನು ನಮ್ಮ ಮಕ್ಕಳಿಗೆ ಕಥೆಯಾಗಿ ಹೇಳುತ್ತೇವೆ. ಇಲ್ಲಿಯೂ ನಿಂಬೆಹಣ್ಣು ಇಡುತ್ತೇವೆ, ಓವರ್‌ಹಾಲ್ ಮಾತ್ರ ಬಿಟ್ಟುಹೋಗಿದೆ. ಸಿಂಗಪುರದಲ್ಲಿ ರಿಪೇರ್ ಕೋಪಿತಿಯಾಂ ಎಂಬ ಸ್ವಯಂಸೇವಕರ ಬಳಗ 2014ರಿಂದ ಮನೆಬಳಕೆಯ ವಸ್ತುಗಳ ದುರಸ್ತಿಯನ್ನು ಜನರಿಗೆ ಕಲಿಸುತ್ತ ಬಂದಿದೆ. ನಮ್ಮ ಸಂಘವೂ ಈ ಬಾರಿ ಆಯುಧಪೂಜೆಯ ಹಿಂದಿನ ಶನಿವಾರ ಯಾವುದಾದರೊಂದು ಬ್ಲಾಕಿನ ಕೆಳಗಿನ ಅಂಗಳದಲ್ಲಿ ಸೈಕಲ್ ದುರಸ್ತಿಯ ಮಧ್ಯಾಹ್ನವೊಂದನ್ನು ಏರ್ಪಡಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ. ಭಾಷಣ ಬೇಡ, ಹಾರ ತುರಾಯಿ ಬೇಡ. ಹಿರಿಯರಲ್ಲಿ ಹಲವರಿಗೆ ಪಂಕ್ಚರ್ ಹಾಕುವುದು, ಚಕ್ರದ ಬೆಂಡು ತೆಗೆಯುವುದು ಚೆನ್ನಾಗಿ ಗೊತ್ತು. ಊರಿನಿಂದ ಮೂರು ತಿಂಗಳಿಗೆಂದು ಬಂದು ಮನೆಯಲ್ಲಿ ಬೇಸರಿಸಿ ಕುಳಿತಿರುವ ತಾತಂದಿರನ್ನು ಮುದ್ದಾಂ ಕರೆತರಬೇಕು.

ಕೊನೆಯದಾಗಿ, ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಕರಣಗಳ ಒಂದು ಮಾತು. ಹಳೆಯ ಫ್ರೀವೀಲನ್ನು ಬಿಚ್ಚಲು ಒಂದೊಂದು ತಯಾರಿಕೆಗೂ ಒಂದೊಂದು ಬಗೆಯ ಕೀಲಿ ಬೇಕು: ಎರಡು ಕಚ್ಚಿನದು, ನಾಲ್ಕು ಕಚ್ಚಿನದು, ಒಳಗೆ ಹಲ್ಲಿರುವುದು. ತಪ್ಪು ಕೀಲಿ ಹಾಕಿ ತಿರುಗಿಸಿದರೆ ಕಚ್ಚು ಹಾರಿಹೋಗಿ ಫ್ರೀವೀಲು ಶಾಶ್ವತವಾಗಿ ಅಲ್ಲಿಯೇ ಉಳಿಯುತ್ತದೆ. ಚಕ್ರದ ಕಡ್ಡಿಗಳನ್ನೆಲ್ಲ ಕತ್ತರಿಸುವ ಮೊದಲೇ ಫ್ರೀವೀಲನ್ನು ಬಿಚ್ಚಿಬಿಡಬೇಕು. ಬರಿಯ ಹಬ್ಬನ್ನು ಹಿಡಿದು ಅದನ್ನು ಬಿಚ್ಚುವುದು ಹೆಚ್ಚುಕಡಿಮೆ ಅಸಾಧ್ಯ. ಹೊಸ ಹಬ್ಬಿನ ಅಂಚಿನ ವ್ಯಾಸ ಬೇರೆಯಾದರೆ ಕಡ್ಡಿಯ ಉದ್ದವೂ ಬೇರೆ, ಅದೂ ಎಡಕ್ಕೊಂದು ಬಲಕ್ಕೊಂದು. ಹಳೆಯ ಕಡ್ಡಿಗಳನ್ನೇ ಮತ್ತೆ ಬಳಸುವ ಆಸೆ ಬೇಡ. ಈ ಮೂರೂ ಬಗೆಯ ಕೀಲಿಗಳು, 13 ಮತ್ತು 15ರ ತೆಳ್ಳನೆಯ ಸ್ಪ್ಯಾನರುಗಳು, ಕಾಲಿಂಚಿನ ಗುಂಡುಗಳ ಒಂದು ಡಬ್ಬಿ ನಮ್ಮಲ್ಲಿವೆ. ಬೇಕಾದ ಸದಸ್ಯರು ಸಂಘದ ಮೂಲಕ ತಿಳಿಸಿ ಎರವಲು ಪಡೆಯಬಹುದು. ಡೆಸಾರುವಿನ ಪ್ರಯಾಣ ಶಾಲೆಯ ಜೂನ್ ರಜೆಯಲ್ಲಿ, ಆ ವಾರ ಮಾತ್ರ ಅವು ನಮ್ಮ ಚೀಲದಲ್ಲಿರುತ್ತವೆ.